ಮೀನಿನ ಬೋಟನ್ನು ಯುದ್ಧಕ್ಕೆ ಕಳಿಸಿದ್ದು ಯಾಕೆ? ಒಕ್ರಕೋಕ್ ದ್ವೀಪದಲ್ಲಿ ನಾಲ್ಕು ಸಮಾಧಿ ನೋಡಿ ಬಂದೆ

ಮಲ್ಪೆ ಮೂಲದವ

ಎಲ್ಲರಿಗೂ ನಮಸ್ಕಾರ. ನಮ್ಮದು ಮಲ್ಪೆ ಹತ್ರ, ಈಗ ಕೆಲವು ವರ್ಷದಿಂದ ಅಮೆರಿಕದ ನಾರ್ತ್ ಕ್ಯಾರೊಲೈನಾದ ರಾಲಿಯಲ್ಲಿ ಇದ್ದೇನೆ. ಹೋದ ವಾರ ಮನೆಯವರ ಜೊತೆ ಒಕ್ರಕೋಕ್ ದ್ವೀಪಕ್ಕೆ ಹೋಗಿದ್ದೆವು. ಸೇತುವೆ ಇಲ್ಲ, ಫೆರ್ರಿಯಲ್ಲೇ ಹೋಗಬೇಕು. ಊರೊಳಗೆ ಸೈಕಲ್ ತುಳೀತಾ ಹೋಗುವಾಗ ಮರದ ನೆರಳಲ್ಲಿ ಬಿಳಿ ಬೇಲಿ ಹಾಕಿದ ಒಂದು ಸಣ್ಣ ಜಾಗ ಕಾಣ್ತು, ಒಳಗೆ ನಾಲ್ಕೇ ನಾಲ್ಕು ಸಮಾಧಿ, ಪಕ್ಕದಲ್ಲಿ ಕಂಬದ ಮೇಲೆ ಬ್ರಿಟನ್ ಬಾವುಟ. ಅಮೆರಿಕದ ದ್ವೀಪದಲ್ಲಿ ಬ್ರಿಟನ್ ಬಾವುಟ ಎಂತಕ್ಕೆ ಅಂತ ಸೈಕಲ್ ನಿಲ್ಲಿಸಿ ಓದಿದೆ.

ಬೆಡ್‌ಫರ್ಡ್‌ಶೈರ್ ಅಂತ ಒಂದು ಹಡಗಿನವರು. 1942ರ ಮೇ ತಿಂಗಳಲ್ಲಿ ಜರ್ಮನ್ ಸಬ್‌ಮರೀನ್ ಹೊಡೆದು ಮುಳುಗಿಸ್ತು, ಹಡಗಲ್ಲಿದ್ದ 37 ಜನವೂ ಹೋದ್ರು. ನನಗೆ ಹೊಟ್ಟೆಗೆ ತಟ್ಟಿದ್ದು ಎಂತ ಅಂದ್ರೆ ಅದು ಯುದ್ಧನೌಕೆ ಅಂತ ಕಟ್ಟಿದ್ದೇ ಅಲ್ಲ. ಮೀನು ಹಿಡಿಯೋ ಟ್ರಾಲ್ ಬೋಟ್! ಇಂಗ್ಲೆಂಡಿನ ಗ್ರಿಮ್ಸ್‌ಬಿ ಬಂದರಿನದ್ದು, 1935ರಲ್ಲಿ ಕಟ್ಟಿದ್ದು, ಉದ್ದ 162 ಅಡಿ. ಮುಂದೆ ಒಂದು ಫಿರಂಗಿ, ಹಿಂದೆ ಡೆಪ್ತ್ ಚಾರ್ಜ್ (ನೀರೊಳಗೆ ಇಳಿದು ಸಿಡಿಯುವ ಬಾಂಬು) ಇಟ್ಟು ಸಬ್‌ಮರೀನ್ ಬೇಟೆಗೆ ಬಿಟ್ಟಿದ್ದಾರೆ.

ನಮ್ಮ ಅಪ್ಪ 30 ವರ್ಷ ತಾಂಡೇಲ, ಅಂದ್ರೆ ಬೋಟ್ ನಡೆಸುವ ಮುಖ್ಯಸ್ಥ ಆಗಿದ್ದವರು. ಬೋಟ್ ಅಂದ್ರೆ ಎಂತ, ಅದರ ಓಟ ಎಷ್ಟು, ಹೊಟ್ಟೆ ಎಷ್ಟು ಅಂತ ನೋಡಿಕೊಂಡೇ ಬೆಳೆದವ ನಾನು. ಅದಕ್ಕೇ ಕೇಳ್ತಿದ್ದೇನೆ. ಮೀನಿನ ಬೋಟ್ ಸಬ್‌ಮರೀನ್ ಎದುರು ಎಂತ ಮಾಡ್ಲಿಕ್ಕೆ ಆಗ್ತದೆ? ಇನ್ನೊಂದು, ಅಮೆರಿಕದಂಥ ದೇಶಕ್ಕೆ ತನ್ನ ಕರಾವಳಿ ಕಾಯ್ಲಿಕ್ಕೆ ಇಂಗ್ಲೆಂಡಿನ ಮೀನುಗಾರರೇ ಬೇಕಾಯ್ತಾ? ಗೊತ್ತಿದ್ದವರು ಹೇಳಿ.

ಬಯಲುಸೀಮೆ

ಸಾಯೋಕೆ ಕಳಿಸಿದ್ರು ಅಷ್ಟೇ. ದೊಡ್ಡವರ ಯುದ್ಧ, ಬಡವರ ಜೀವ. ಇದರಲ್ಲಿ ಕೇಳೋಕೆ ಇನ್ನೇನಿದೆ.

ಹಳೇ ಪುಟ

@ಬಯಲುಸೀಮೆ ಅಷ್ಟು ಬೇಗ ಮುಗಿಸಬೇಡಿ ಸಾರ್, ಕಥೆ ದೊಡ್ಡದಿದೆ.

ಎರಡನೇ ಪ್ರಶ್ನೆ ಮೊದಲು ತಗೋತೀನಿ. 1941ರ ಡಿಸೆಂಬರಲ್ಲಿ ಅಮೆರಿಕ ಯುದ್ಧಕ್ಕೆ ಇಳೀತು, 1942ರ ಜನವರಿಯಲ್ಲೇ ಜರ್ಮನ್ನರು ಐದು ಸಬ್‌ಮರೀನ್ ಕಳಿಸಿ ಅಮೆರಿಕದ ಪೂರ್ವ ಕರಾವಳಿ ಮೇಲೆ ಬಿದ್ರು, ಆಮೇಲೆ ಇನ್ನಷ್ಟು ಬಂದ್ವು. ಆ ದೇಶ ಇದಕ್ಕೆ ತಯಾರಿರಲೇ ಇಲ್ಲ. ಕರಾವಳಿ ಊರುಗಳ ದೀಪ ಆರಿಸಿರಲಿಲ್ಲ, ರಾತ್ರಿ ಆ ಬೆಳಕಿನ ಎದುರು ಹೋಗೋ ತೈಲದ ಹಡಗು ಸಬ್‌ಮರೀನ್‌ನವನಿಗೆ ಪರದೆ ಮೇಲಿನ ನೆರಳು ಥರ ಕಾಣ್ತಿತ್ತು. ಹಡಗುಗಳನ್ನ ಗುಂಪು ಕಟ್ಟಿ ಕಾವಲಲ್ಲಿ ಕಳಿಸೋ ಪದ್ಧತಿ ಆ ಕರಾವಳಿಯಲ್ಲಿ ಶುರುವಾಗಿದ್ದೇ ಮೇ ಮಧ್ಯದಲ್ಲಿ. ಕೇಪ್ ಹ್ಯಾಟೆರಸ್ ಹತ್ರದ ಸಮುದ್ರಕ್ಕೆ ಟಾರ್ಪಿಡೊ ಓಣಿ ಅಂತಲೇ ಹೆಸರು ಬಿತ್ತು.

ಮುಳುಗ್ತಿದ್ದ ಸರಕಲ್ಲಿ ಬ್ರಿಟನ್ನಿಗೆ ಹೋಗಬೇಕಾದ ಎಣ್ಣೆ, ಆಹಾರ ಎಲ್ಲ ಇತ್ತು. ಅದಕ್ಕೆ ಬ್ರಿಟನ್ ತಾನಾಗೇ 24 ಟ್ರಾಲರ್ ಕಳಿಸ್ತು, ಸಿಬ್ಬಂದಿ ಸಮೇತ. ಅದರಲ್ಲಿ ಬೆಡ್‌ಫರ್ಡ್‌ಶೈರ್ ಒಂದು.

ರಾತ್ರಿಪಾಳಿ

ಲೆಂಡ್ ಲೀಸ್ ಅಂತ ಶಾಲೇಲಿ ಓದಿದ್ದು, ಅಮೆರಿಕ ಬ್ರಿಟನ್ನಿಗೆ ಕೊಟ್ಟಿದ್ದು ಅಂತ. ಇಲ್ಲಿ ಉಲ್ಟಾ ಆಗಿದೆಯಲ್ಲ?

ಹಳೇ ಪುಟ

ಹೌದು, ಇದು ಉಲ್ಟಾನೇ. 1940ರಲ್ಲಿ ಅಮೆರಿಕ 50 ಹಳೇ ಡೆಸ್ಟ್ರಾಯರ್ ಯುದ್ಧನೌಕೆ ಕೊಟ್ಟಿತ್ತು, 1941ರಲ್ಲಿ ತನ್ನ ಕೋಸ್ಟ್ ಗಾರ್ಡ್‌ನ 10 ಹಡಗನ್ನೂ ಬ್ರಿಟನ್ನಿಗೆ ಕೊಟ್ಟಿತ್ತು. ಮರುವರ್ಷ ಅದೇ ಕೋಸ್ಟ್ ಗಾರ್ಡ್ ಹಡಗುಗಳು ತನಗೇ ಬೇಕಾಗಿದ್ವು.

ದಕ್ಕೆ ಮೆಕ್ಯಾನಿಕ್

ಮಂಗಳೂರು ದಕ್ಕೆಯಲ್ಲಿ ಬೋಟ್ ಇಂಜಿನ್ ಕೆಲಸ ಮಾಡುದು ನಾನು, 22 ವರ್ಷ ಆಯ್ತು. ಮೀನಿನ ಬೋಟ್ ಎಂತ ಮಾಡ್ತದೆ ಅಂತ ಕೇಳಿದ್ರಲ್ವಾ, ಇಂಜಿನ್ ಕಡೆಯಿಂದ ಹೇಳ್ತೇನೆ.

ಟ್ರಾಲ್ ಬೋಟಿಗೆ ಓಟ ಮುಖ್ಯ ಅಲ್ಲ ಮಾರಾಯ್ರೆ, ಎಳೆತ ಮುಖ್ಯ. ನೀರು ತುಂಬಿದ ಬಲೆ, ಅದರ ಬಾಯಿ ಅಗಲಿಸುವ ಬೋರ್ಡ್, ನೂರಾರು ಮೀಟರ್ ರೋಪ್, ಇಷ್ಟನ್ನು ಕಟ್ಟಿಕೊಂಡು ಗಂಟೆಗಟ್ಟಲೆ ಒಂದೇ ಸಮ ಎಳೆಯಬೇಕು, ಇಂಜಿನ್ ಬಿಸಿಯಾಗಬಾರದು. ಹಾಗಾಗಿ ನೀರೊಳಗೆ ಬೋಟ್ ತಳ್ಳುವ ಫ್ಯಾನ್ ದೊಡ್ಡದು, ತಿರುಗುದು ನಿಧಾನ. ರೋಪ್ ಸುತ್ತಿ ಎಳೆಯುವ ವಿಂಚ್ ಗಟ್ಟಿ. ಬೋಟಿನ ಮುಂದಿನ ಮೂತಿ ಎತ್ತರ, ತೆರೆ ಬಂದ್ರೆ ಹತ್ತಿ ಇಳೀಬೇಕು. ಇದೆಲ್ಲ ಬಲೆ ಎಳೆಯಲಿಕ್ಕೆ ಮಾಡಿದ್ದು ಹೌದು, ಆದ್ರೆ ಯೋಚಿಸಿ ನೋಡಿ, ಸಮುದ್ರದಲ್ಲಿ ಕಟ್ಟಿ ಇಟ್ಟ ಮೈನ್ (ಹಡಗು ತಾಗಿದ್ರೆ ಸಿಡಿಯುವ ಬಾಂಬು) ಕೀಳಲಿಕ್ಕೆ ಇದೇ ಅಲ್ವಾ ಬೇಕಾದ್ದು? ಬಲೆ ಬದಲು ಕತ್ತರಿಸುವ ತಂತಿ ಎಳೆದ್ರಾಯ್ತು.

ಹಳೇ ಪುಟ

@ದಕ್ಕೆ ಮೆಕ್ಯಾನಿಕ್ ನೂರಕ್ಕೆ ನೂರು ಸರಿ, ನೀವು ಊಹೆ ಮೇಲೆ ಹೇಳಿದ್ದು ಇತಿಹಾಸದಲ್ಲಿ ಹಾಗೇ ಆಗಿದೆ. 1907ರಲ್ಲಿ ಅಡ್ಮಿರಲ್ ಚಾರ್ಲ್ಸ್ ಬೆರೆಸ್‌ಫರ್ಡ್ ಗ್ರಿಮ್ಸ್‌ಬಿಗೆ ಹೋಗಿ ಟ್ರಾಲರ್‌ಗಳನ್ನ ನೋಡಿದ, ಮೈನ್ ಗುಡಿಸೋಕೆ ಇವರೇ ಸರಿ, ಎಳೆಯೋ ಕೆಲಸ ಇವರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ ಅಂತ ಶಿಫಾರಸು ಮಾಡಿದ. 1910ರಲ್ಲಿ ಮೀನುಗಾರರದ್ದೇ ಒಂದು ಮೀಸಲು ನೌಕಾದಳ ಶುರುವಾಯ್ತು. ಆಮೇಲೆ ಬಂದ ತಂತಿ ಎಳೆದು ಮೈನ್ ಕತ್ತರಿಸೋ ಸಲಕರಣೆಗೆ "ಒರೊಪೆಸಾ" ಅಂತ ಹೆಸರು, ಅದನ್ನ ಪ್ರಯೋಗ ಮಾಡಿ ನೋಡಿದ ಟ್ರಾಲರ್ ಹೆಸರೇ ಅದು. ಅದರಲ್ಲೂ ಬೋರ್ಡ್ ಇದೆ, ಮೇಲೆ ತೇಲೋ ಬುರುಡೆ ಇದೆ. ಬಲೆ ಒಂದಿಲ್ಲ ಅಷ್ಟೇ.

ಧಾರವಾಡದ ಗೌಡ್ರು

ನಮ್ಮ ಕಡೆ ಸಮುದ್ರನ ಇಲ್ರೀ, ಆದ್ರೂ ಓದ್ಲಿಕ್ಕೆ ಛಲೋ ಅನ್ನಸ್ತದ. ಟ್ರ್ಯಾಕ್ಟರ್‌ಗೆ ತೋಪು ಕಟ್ಟಿದಂಗ ಆತಲ್ರೀ ಇದು. ಮುಂದ ಹೇಳ್ರಿ.

ಬಯಲುಸೀಮೆ

ಮೈನ್ ಗುಡಿಸೋದು ಬೇರೆ, ಸಬ್‌ಮರೀನ್ ಜೊತೆ ಗುದ್ದಾಡೋದು ಬೇರೆ. ಮಲ್ಪೆಯವರು ಕೇಳಿದ್ದು ಅದನ್ನ. ಬೆಡ್‌ಫರ್ಡ್‌ಶೈರ್ ಓಟ 12 ನಾಟ್, ಅಂದ್ರೆ ಗಂಟೆಗೆ ಸುಮಾರು 22 ಕಿಲೋಮೀಟರ್. ಅದನ್ನ ಹೊಡೆದ ಸಬ್‌ಮರೀನ್ ನೀರಿನ ಮೇಲೆ 17 ನಾಟ್ ಓಡುತ್ತೆ. ಕಳ್ಳ ಬೈಕಲ್ಲಿ, ಪೊಲೀಸ್ ಸೈಕಲಲ್ಲಿ. ಇದನ್ನ ಕಾವಲು ಅಂತೀರಾ?

ಕಾರವಾರ ನಿವೃತ್ತ

ನೌಕಾಪಡೆಯಲ್ಲಿ ಸೋನಾರ್ (ಸದ್ದಿನಿಂದ ನೀರೊಳಗಿನದ್ದನ್ನ ಪತ್ತೆ ಮಾಡೋ ಯಂತ್ರ) ಕೆಲಸ ಮಾಡಿ ನಿವೃತ್ತನಾದವನು. ಎರಡು ಮಾತು.

ಬಯಲುಸೀಮೆಯವರ ಲೆಕ್ಕ ನೀರಿನ ಮೇಲಿನದ್ದು. ಆ ಕಾಲದ ಸಬ್‌ಮರೀನ್ ಮುಳುಗಿದ ಮೇಲೆ ಬ್ಯಾಟರಿಯಲ್ಲಿ ಓಡಬೇಕು, ಜೋರು ಅಂದ್ರೆ 7 ನಾಟ್, ಅದೂ ಸ್ವಲ್ಪ ಹೊತ್ತು ಮಾತ್ರ, ಬ್ಯಾಟರಿ ಮುಗೀತದೆ. ಹಾಗಾಗಿ ಟ್ರಾಲರ್ ಕೆಲಸ ಅದನ್ನ ಅಟ್ಟಿಸಿಕೊಂಡು ಹೋಗೋದಲ್ಲ, ತಲೆ ಎತ್ತದಂತೆ ನೋಡಿಕೊಳ್ಳೋದು. ಕಾವಲು ಬೋಟ್ ಅಲ್ಲಿ ಸುತ್ತುತ್ತಾ ಇದ್ರೆ ಸಬ್‌ಮರೀನ್ ಮುಳುಗೇ ಇರಬೇಕು, ಮುಳುಗಿದ್ರೆ ಸರಕಿನ ಹಡಗು ಹಿಡಿಯೋ ಓಟ ಅದಕ್ಕಿಲ್ಲ.

ಕಷ್ಟ ಎಲ್ಲಿ ಅಂದ್ರೆ ಡೆಪ್ತ್ ಚಾರ್ಜ್ ಹಾಕುವಾಗ. ಬ್ರಿಟಿಷರ ಮಾಮೂಲಿ ಡೆಪ್ತ್ ಚಾರ್ಜ್ ನೋಡೋಕೆ ಎಣ್ಣೆ ಡ್ರಮ್ಮಿನ ಹಾಗೆ, ಒಳಗೆ ಸುಮಾರು 130 ಕಿಲೋ ಸ್ಫೋಟಕ. ನೀರಿಗೆ ಬಿದ್ರೆ ಸೆಕೆಂಡಿಗೆ ಹೆಚ್ಚು ಕಮ್ಮಿ 10 ಅಡಿ ಇಳೀತದೆ. 100 ಅಡಿಗೆ ಸಿಡಿಯೋ ಹಾಗೆ ಇಟ್ರೆ ನಿಮಗೆ ಸಿಗೋದು ಹತ್ತು ಸೆಕೆಂಡ್ ಅಥವಾ ಸ್ವಲ್ಪ ಜಾಸ್ತಿ. 12 ನಾಟ್ ಓಟದಲ್ಲಿ ಬೋಟ್ ಸೆಕೆಂಡಿಗೆ 20 ಅಡಿ ಹೋಗ್ತದೆ, ಅಂದ್ರೆ ಸಿಡಿಯೋ ಹೊತ್ತಿಗೆ ನಿಮ್ಮ ಬೋಟಿನ ಹಿಂಭಾಗ ಬರೀ 200 ಅಡಿ ದೂರ. ಪೂರ್ತಿ ಓಟ ಇಲ್ಲದಿದ್ರೆ ನಿಮ್ಮದೇ ಬಾಂಬು ನಿಮ್ಮ ಬೋಟಿನ ರಿವೆಟ್ ಕೀಳ್ತದೆ. ಕೆಳಗೆ ಬಾಯ್ಲರ್ ಮುಂದೆ ಕಲ್ಲಿದ್ದಲು ಎಸೀತಿರೋ ಸ್ಟೋಕರ್‌ಗೆ ಇದೆಲ್ಲ ಏನೂ ಕಾಣೋದಿಲ್ಲ. ಸ್ಟೀಮ್ ಇಳೀಬಾರದು ಅಂತ ಎಸೀತಾನೇ ಇರಬೇಕು. ಹೊರಗಿನ ಸದ್ದು ಮಾತ್ರ ಕೇಳ್ತದೆ, ಉಕ್ಕಿನ ಗೋಡೆಗೆ ಯಾರೋ ದೊಡ್ಡ ಸುತ್ತಿಗೆಯಿಂದ ಹೊಡೆದ ಹಾಗೆ. ನಾನು ಅಭ್ಯಾಸದಲ್ಲಿ ಕೇಳಿದ್ದೇನೆ, ಕಾಲಿನಿಂದ ಹಲ್ಲಿನ ತನಕ ಬರ್ತದೆ ಅದು.

ದಕ್ಕೆ ಮೆಕ್ಯಾನಿಕ್

ಕಲ್ಲಿದ್ದಲು ಬೋಟಾ ಅದು? ನಾನು ಡೀಸೆಲ್ ಅಂದ್ಕೊಂಡಿದ್ದೆ.

ಕಾರವಾರ ನಿವೃತ್ತ

ಸ್ಟೀಮ್ ಇಂಜಿನ್, ಕಲ್ಲಿದ್ದಲು. ಅಮೆರಿಕದ ಹಡಗುಗಳು ಆ ಹೊತ್ತಿಗೆ ಎಣ್ಣೆಗೆ ಹೋಗಿದ್ವು.

ಕುಂದಾಪ್ರದ ಹೆಣ್ಣು

ಹ್ವಾಯ್, ನಾನೊಂದ್ ಮಾತ್ ಕೇಳ್ತೆ. ಬೋಟಿನ ಧಣಿ ಕಥೆ ಎಂತ? ನಮ್ಮ ಮನೇಲಿ ಬೋಟ್ ಮಾಡುಕೆ ಅಂತ ಸೊಸೈಟಿ ಸಾಲ, ಚಿನ್ನದ ಮೇಲಿನ ಸಾಲ ಎರಡೂ ತೆಗೆದದ್ದು ನೆನಪಿತ್. ಸರ್ಕಾರದವ್ರು ಬಂದು ನಾಳೆಯಿಂದ ಬೋಟ್ ನಮ್ಗೆ ಬೇಕು ಅಂದ್ರೆ ಕಂತು ಯಾರು ಕಟ್ಟುದು? ಕಲಾಸಿಗಳ ಮನೆ ನಡೀಬೇಕಲ್ಲ. ಬಂದೂಕು, ಫಿರಂಗಿ ಬಗ್ಗೆ ಎಲ್ರೂ ಬರೀತ್ರಿ, ಇದನ್ನ ಯಾರೂ ಬರೆಯುದಿಲ್ಲ.

ಹಳೇ ಪುಟ

@ಕುಂದಾಪ್ರದ ಹೆಣ್ಣು ಒಳ್ಳೇ ಪ್ರಶ್ನೆ ಅಕ್ಕಾ. ಎರಡು ಥರ ನಡೀತಿತ್ತು. ಕೆಲವು ಬೋಟು ಬಾಡಿಗೆಗೆ, ಯುದ್ಧ ಮುಗಿದ ಮೇಲೆ ವಾಪಸ್. ಕೆಲವನ್ನ ನೇರ ಕೊಂಡುಕೊಳ್ತಿದ್ರು. ಬೆಡ್‌ಫರ್ಡ್‌ಶೈರ್‌ನ 1939ರ ಆಗಸ್ಟಲ್ಲಿ ಕೊಂಡಿದ್ದು, ಅಂದ್ರೆ ಯುದ್ಧ ಘೋಷಣೆಗೂ ಮುಂಚೆ. ಆಮೇಲೆ ಬೋಟೊಳಗೆ ಪೂರ್ತಿ ಬದಲಾವಣೆ. ಮೀನು, ಐಸು ತುಂಬೋ ಹೊಟ್ಟೆಯಲ್ಲಿ ಮಲಗೋಕೆ ಅಟ್ಟಣಿಗೆ, ಮದ್ದುಗುಂಡಿನ ಕೋಣೆ. ತಳಕ್ಕೆ ಆಸ್ಡಿಕ್, ಅಂದ್ರೆ ನೀರೊಳಗೆ ಸದ್ದು ಬಿಟ್ಟು ಪ್ರತಿಧ್ವನಿ ಕೇಳೋ ಯಂತ್ರ. ಮುಂದೆ ನಾಲ್ಕು ಇಂಚಿನ ಫಿರಂಗಿ. ಮೀನು ಹಿಡೀವಾಗ ಇಂಥ ಬೋಟಲ್ಲಿ ಸುಮಾರು 20 ಜನ ಇರ್ತಿದ್ರು, ಈಗ 37.

ಮಲ್ಪೆಯವರಿಗೂ ಒಂದು ತಿದ್ದುಪಡಿ. ಎಲ್ಲರೂ ಮೀನುಗಾರರು ಅಲ್ಲ. ಯುದ್ಧ ಮುಂದುವರಿದ ಹಾಗೆ ಬೇರೆ ಕೆಲಸದಿಂದ ಸೇರಿದವರೂ ಬಂದ್ರು. ಒಕ್ರಕೋಕ್‌ನಲ್ಲಿ ಮಲಗಿರೋ ಸಬ್ ಲೆಫ್ಟಿನೆಂಟ್ ಥಾಮಸ್ ಕನಿಂಗ್‌ಹ್ಯಾಮ್ ಸ್ವಯಂಸೇವಕರ ಮೀಸಲು ದಳದವನು.

ಮಲ್ಪೆ ಮೂಲದವ

ತಿದ್ದಿದ್ದಕ್ಕೆ ಥ್ಯಾಂಕ್ಸ್. ಐಸ್ ತುಂಬುವ ಜಾಗದಲ್ಲಿ ಮಲಗ್ತಿದ್ರು ಅಂದಾಗ ಮೈ ಜುಮ್ ಅಂತು. ನಾನು ಎಂಟನೇ ಕ್ಲಾಸಲ್ಲಿ ಇರುವಾಗ ಒಂದ್ಸಲ ಬೋಟಿನ ಐಸ್ ಬಾಕ್ಸಿನೊಳಗೆ ಇಳಿದಿದ್ದೆ, ತೊಳೆಯಲಿಕ್ಕೆ. ಎಷ್ಟು ತಿಕ್ಕಿದ್ರೂ ಹಲಗೆಯ ಸಂದಿನಿಂದ ಬಂಗುಡೆ ವಾಸನೆ ಹೋಗುದಿಲ್ಲ. ಗ್ರಿಮ್ಸ್‌ಬಿಯವರು ಕಾಡ್ ಮೀನಿನ ವಾಸನೆಯಲ್ಲೇ ಮಲಗಿರಬೇಕು.

ಸ್ಕೂಲ್ ಮೇಷ್ಟ್ರು

ಕನಿಂಗ್‌ಹ್ಯಾಮ್ ಹೆಸರು ಬಂತಲ್ಲ, ಬಾವುಟದ ಕಥೆ ಯಾರೂ ಹೇಳಲಿಲ್ಲ. ನಾನು ಹೇಳ್ತೀನಿ, ಮಕ್ಕಳಿಗೂ ಹೇಳಿದ್ದೀನಿ.

ಏಪ್ರಿಲ್‌ನಲ್ಲಿ ಸ್ಯಾನ್ ಡೆಲ್ಫಿನೊ ಅನ್ನೋ ಬ್ರಿಟಿಷ್ ತೈಲದ ಹಡಗು ಮುಳುಗಿತ್ತು, ಅದರವರ ದೇಹ ದಡಕ್ಕೆ ಬಂದಿತ್ತು. ಏಕಾಕ್ ಬ್ರೌನ್ ಅಂತ ಅಮೆರಿಕ ನೌಕಾಪಡೆಯ ತನಿಖಾ ಕೆಲಸದವರು, ಸತ್ತವರನ್ನ ಅವರ ದೇಶದ ಬಾವುಟ ಹೊದಿಸಿ ಮಣ್ಣು ಮಾಡಬೇಕು ಅಂತ ಮೋರ್‌ಹೆಡ್ ಸಿಟಿ ಬಂದರಿಗೆ ಹೋಗಿ ಅಲ್ಲಿ ನಿಂತಿದ್ದ ಬೆಡ್‌ಫರ್ಡ್‌ಶೈರ್ ಹತ್ತಿದರು. ಕೊಟ್ಟವನು ಕನಿಂಗ್‌ಹ್ಯಾಮ್. ಬೇಕಾದ್ದಕ್ಕಿಂತ ಜಾಸ್ತಿನೇ ಕೊಟ್ಟ.

ಮೇ 14ಕ್ಕೆ ಒಕ್ರಕೋಕ್ ದಡಕ್ಕೆ ಎರಡು ದೇಹ ಬಂತು. ಗುರುತು ಹಿಡಿಯೋಕೆ ಬ್ರೌನ್ ಅವರನ್ನ ಕರೆಸಿದರು. ನೋಡಿದರೆ ಬಾವುಟ ಕೊಟ್ಟ ಹುಡುಗನೇ. ಇನ್ನೊಬ್ಬ ಸ್ಟ್ಯಾನ್ಲಿ ಕ್ರೇಗ್, ಟೆಲಿಗ್ರಾಫ್ ಕೆಲಸದವನು. ಆಮೇಲೆ ಇನ್ನೂ ಎರಡು ದೇಹ ಬಂತು, ಅವು ಯಾರವು ಅಂತ ಗೊತ್ತಾಗಲೇ ಇಲ್ಲ. ಕನಿಂಗ್‌ಹ್ಯಾಮ್ ಕೊಟ್ಟ ಬಾವುಟವನ್ನೇ ಅವನಿಗೆ ಹೊದಿಸಿದರು.

ಇದನ್ನ ಒಂಬತ್ತನೇ ಕ್ಲಾಸಿನಲ್ಲಿ ಹೇಳಿದಾಗ ಕೊನೇ ಬೆಂಚಿನ ಒಬ್ಬ ಹುಡುಗ ಎದ್ದು, ಸಾರ್ ಹಡಗು ಮುಳುಗಿದ್ದು ಯಾರಿಗೂ ಗೊತ್ತಾಗಲಿಲ್ವಾ ಅಂತ ಕೇಳಿದ. ಇಲ್ಲ, ಗೊತ್ತಾಗಲಿಲ್ಲ. ದೇಹ ದಡಕ್ಕೆ ಬಂದ ಮೇಲೇ ಗೊತ್ತಾಗಿದ್ದು.

ಕುಂದಾಪ್ರದ ಹೆಣ್ಣು

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ರಾತ್ರಿಪಾಳಿ

ಬೆಡ್‌ಫರ್ಡ್‌ಶೈರ್ ಮುಳುಗಿದ್ದು ಮೇ 11 ಅಂತ ಒಂದು ಕಡೆ, 12 ಅಂತ ಇನ್ನೊಂದು ಕಡೆ ನೋಡ್ತಿದ್ದೀನಿ. ಯಾವುದು ಸರಿ?

ಹಳೇ ಪುಟ

ಎರಡೂ. ಜರ್ಮನ್ ಸಬ್‌ಮರೀನ್‌ಗಳ ಗಡಿಯಾರ ಎಲ್ಲಿದ್ರೂ ಜರ್ಮನಿ ಸಮಯಕ್ಕೇ. ಅವರ ದಿನಚರಿಯಲ್ಲಿ 12ರ ಬೆಳಗಿನ ಜಾವ, ಕ್ಯಾರೊಲೈನಾದಲ್ಲಿ ಇನ್ನೂ 11ರ ರಾತ್ರಿ. ಹೊಡೆದ ಸಬ್‌ಮರೀನ್ ಯು 558, ನಾಯಕ ಗುಂಥರ್ ಕ್ರೆಶ್. ಕೇಪ್ ಲುಕ್‌ಔಟ್ ಹೊರಗೆ. ಮೊದಲು ಬಿಟ್ಟ ಟಾರ್ಪಿಡೊ ತಪ್ಪಿತು, ಆಮೇಲಿನದು ನಡುವಿಗೇ ಬಡೀತು. ಮರುವರ್ಷ ಜುಲೈ 20ಕ್ಕೆ ಬಿಸ್ಕೆ ಕೊಲ್ಲಿಯಲ್ಲಿ ಯು 558 ಕೂಡ ವಿಮಾನದ ಬಾಂಬಿಗೆ ಮುಳುಗಿತು. ಬದುಕಿದವರು ಐದೇ ಜನ, ಕ್ರೆಶ್ ಅದರಲ್ಲಿ ಒಬ್ಬ.

ಬಯಲುಸೀಮೆ

ನನ್ನ ಪ್ರಶ್ನೆ ಅಲ್ಲೇ ಇದೆ. 24 ಬೋಟು ಬಂದ್ವು, ಎಷ್ಟು ಸಬ್‌ಮರೀನ್ ಮುಳುಗಿಸಿದ್ವು? ಇವುಗಳಲ್ಲೇ ಕೆಲವು ಮುಳುಗಿದ್ವು. ಕಿಂಗ್‌ಸ್ಟನ್ ಸಿಲೊನೈಟ್ ಅನ್ನೋ ಇನ್ನೊಂದು ಟ್ರಾಲರ್ ಜೂನ್ 15ಕ್ಕೆ ವರ್ಜೀನಿಯಾ ಹತ್ರ ಮೈನ್‌ಗೆ ಬಲಿ. ಸೆನೆಟರ್ ದುಹಾಮೆಲ್ ಅನ್ನೋದು ಅಮೆರಿಕದ್ದೇ ಡೆಸ್ಟ್ರಾಯರ್ ಗುದ್ದಿ ಮುಳುಗ್ತು. ಸೇಂಟ್ ಕ್ಯಾಥನ್ ಇನ್ನೊಂದು ಹಡಗಿಗೆ ಡಿಕ್ಕಿ ಹೊಡೆದು ಹೋಯ್ತು. ಭಾವನೆ ಪಕ್ಕಕ್ಕಿಟ್ಟು ಹೇಳಿ, ಲಾಭ ಏನಾಯ್ತು?

ಕಾರವಾರ ನಿವೃತ್ತ

ಕಾವಲುಗಾರ ಎಷ್ಟು ಕಳ್ಳರನ್ನ ಹಿಡಿದ ಅಂತ ಲೆಕ್ಕ ಹಾಕ್ತೀರಾ, ಎಷ್ಟು ಮನೆ ಉಳೀತು ಅಂತ ಲೆಕ್ಕ ಹಾಕ್ತೀರಾ? ಈ ಟ್ರಾಲರ್‌ಗಳು ಸರಕಿನ ಹಡಗುಗಳ ಜೊತೆ ಕಾವಲು ಹೋದ್ವು, ಮುಳುಗಿದ ಹಡಗಿನವರನ್ನ ನೀರಿಂದ ಎತ್ತಿದ್ವು. ಏಪ್ರಿಲ್ 14ಕ್ಕೆ ಯು 85ನ್ನ ಅಮೆರಿಕದ ರೋಪರ್ ಡೆಸ್ಟ್ರಾಯರ್ ಮುಳುಗಿಸ್ತಲ್ಲ, ಅಲ್ಲಿ ಮುಳುಗುಗಾರರು ಇಳಿದು ನೋಡುವಾಗ ಕಾವಲು ನಿಂತಿದ್ದು ಇದೇ ಬೆಡ್‌ಫರ್ಡ್‌ಶೈರ್.

ಟ್ರಾಲರ್‌ಗೆ ಸಬ್‌ಮರೀನ್ ಸೋತಿಲ್ಲ ಅಂತೀರೇನು? ಎರಡು ಉದಾಹರಣೆ ಸಾಕು.

1940ರ ಜೂನ್ 19, ಏಡನ್ ಹೊರಗೆ. 1937ರವರೆಗೆ ಬ್ರಿಟಿಷ್ ಇಂಡಿಯಾದ ಆಡಳಿತದಲ್ಲೇ ಇದ್ದ ಏಡನ್. ಮೂನ್‌ಸ್ಟೋನ್ ಅನ್ನೋ ಟ್ರಾಲರ್‌ಗೆ ಇಟಲಿಯ ಗೆಲಿಲಿಯೊ ಗೆಲಿಲಿ ಸಬ್‌ಮರೀನ್ ಆಸ್ಡಿಕ್‌ನಲ್ಲಿ ಸಿಕ್ತು. ಡೆಪ್ತ್ ಚಾರ್ಜ್ ಹಾಕಿದ್ರು, ಮೇಲೆ ಬಂತು. ಸಬ್‌ಮರೀನಲ್ಲಿ ಎರಡು ಫಿರಂಗಿ, ಟ್ರಾಲರ್‌ನಲ್ಲಿ ಒಂದು. ಟ್ರಾಲರ್‌ನವರು ಹತ್ತಿರ ಹೋಗಿ ಹೋಗಿ ಹೊಡೆದ್ರು, ಮೇಲೆ ನಿಂತಿದ್ದ ನಾಯಕ ಸತ್ತ, ಸಬ್‌ಮರೀನ್ ಶರಣಾಯ್ತು. ಮುಳುಗಲೂ ಇಲ್ಲ, ಹಾಗೇ ಏಡನ್‌ಗೆ ಎಳೆದು ತಂದ್ರು, ಆಮೇಲೆ ಬ್ರಿಟಿಷರೇ ಬಳಸಿದ್ರು.

1941ರ ಅಕ್ಟೋಬರ್ 4, ಟೆನೆರೀಫ್ ದ್ವೀಪದ ಹತ್ರ. ಲೇಡಿ ಶರ್ಲಿ ಟ್ರಾಲರ್ ಯು 111ನ್ನ ಮುಳುಗಿಸ್ತು. ನೀರಿಂದ ಎತ್ತಿದ ಜರ್ಮನ್ನರು ಟ್ರಾಲರ್ ಸಿಬ್ಬಂದಿಗಿಂತ ಜಾಸ್ತಿ ಜನ, ಅವರನ್ನ ಕಾದುಕೊಂಡು ಜಿಬ್ರಾಲ್ಟರ್‌ಗೆ ಹೋದ್ರು.

ಬಯಲುಸೀಮೆ

ಲೇಡಿ ಶರ್ಲಿ ಆಮೇಲೆ ಏನಾಯ್ತು ಅಂತಾನೂ ಹೇಳಿ ಸಾರ್.

ಕಾರವಾರ ನಿವೃತ್ತ

ಅದೇ ಡಿಸೆಂಬರಲ್ಲಿ ಜಿಬ್ರಾಲ್ಟರ್ ಹತ್ರ ಮುಳುಗಿತು. ಒಬ್ಬರೂ ಉಳೀಲಿಲ್ಲ.

ಬಯಲುಸೀಮೆ

ಅದಕ್ಕೇ ಕೇಳಿದ್ದು. ನಾನು ಅವರ ಧೈರ್ಯದ ಬಗ್ಗೆ ಒಂದು ಮಾತೂ ಆಡ್ತಿಲ್ಲ. ದೀಪ ಆರಿಸೋಕೆ, ಗುಂಪು ಕಟ್ಟಿ ಕಳಿಸೋಕೆ ನಾಲ್ಕು ತಿಂಗಳು ತಗೊಂಡವರು ಯಾರು, ಅದರ ಬೆಲೆ ಕೊಟ್ಟವರು ಯಾರು ಅನ್ನೋದು ನನ್ನ ಸಿಟ್ಟು. ನಮ್ಮಪ್ಪ ಬಸ್ ಡ್ರೈವರ್ ಆಗಿದ್ರು, ಬ್ರೇಕ್ ಸರಿ ಇಲ್ಲ ಅಂತ ಬರೆದು ಕೊಟ್ರೂ ಗಾಡಿ ತೆಗಿ ಅಂತಿದ್ರು. ತೆಗೀತಿದ್ರು, ಕ್ಷೇಮವಾಗಿ ತಂದು ನಿಲ್ಲಿಸ್ತಿದ್ರು. ಡ್ರೈವರ್ ಜಾಣ ಅಂತ ಎಲ್ಲರೂ ಹೊಗಳ್ತಿದ್ರು. ಬ್ರೇಕ್ ಮಾತ್ರ ಯಾರೂ ಸರಿ ಮಾಡಿಸ್ತಿರಲಿಲ್ಲ.

ದಕ್ಕೆ ಮೆಕ್ಯಾನಿಕ್

ಈ ಮಾತು ನಾನು ಒಪ್ಪುತ್ತೇನೆ ಮಾರಾಯ್ರೆ.

ಹಳೇ ಪುಟ

ನಾನೂ. ಆದ್ರೆ ಹೊಗಳೋದೂ ಬೇಕು, ಕೇಳೋದೂ ಬೇಕು.

ಧಾರವಾಡದ ಗೌಡ್ರು

ಬ್ಯಾರೆ ದೇಶದಾಗೂ ಹಿಂಗ ಮಾಡ್ಯಾರೇನ್ರೀ? ಜಪಾನಿನವ್ರು?

ಹಳೇ ಪುಟ

ಜಪಾನಿನವರದ್ದು ಇನ್ನೂ ಕಠಿಣ. ದೇಶದಿಂದ ನೂರಾರು ಮೈಲಿ ಪೂರ್ವಕ್ಕೆ ಮೀನಿನ ಬೋಟುಗಳನ್ನ ಸಾಲಾಗಿ ನಿಲ್ಲಿಸಿದ್ರು, ಕಣ್ಣಲ್ಲಿ ನೋಡಿ ರೇಡಿಯೊದಲ್ಲಿ ಹೇಳೋದಕ್ಕೆ. 1942ರ ಏಪ್ರಿಲ್ 18ರ ಬೆಳಿಗ್ಗೆ 23ನೇ ನಿಟ್ಟೋ ಮಾರು ಅನ್ನೋ ಬೋಟು ಅಮೆರಿಕದ ವಿಮಾನವಾಹಕ ಹಡಗುಗಳನ್ನ ನೋಡಿ ಸಂದೇಶ ಕಳಿಸ್ತು. ಟೋಕಿಯೊ ಮೇಲೆ ಬಾಂಬು ಹಾಕೋಕೆ ಅಮೆರಿಕದ ವೈಮಾನಿಕ ಅಧಿಕಾರಿ ಡೂಲಿಟಲ್ ಜೊತೆ 16 ವಿಮಾನ ಇಟ್ಕೊಂಡು ಬರ್ತಿದ್ದ ಪಡೆ ಅದು. ಸುದ್ದಿ ಗೊತ್ತಾಯ್ತು ಅಂತ ವಿಮಾನಗಳು ಅಂದುಕೊಂಡದ್ದಕ್ಕಿಂತ ಎಷ್ಟೋ ದೂರದಿಂದಲೇ ಹಾರಬೇಕಾಯ್ತು, ಚೀನಾದ ನೆಲ ಮುಟ್ಟುವ ಹೊತ್ತಿಗೆ ಪೆಟ್ರೋಲ್ ಖಾಲಿ, 15 ವಿಮಾನ ನಾಶ, ಒಂದು ರಷ್ಯಾದಲ್ಲಿ ಇಳೀತು. ನಿಟ್ಟೋ ಮಾರುವನ್ನ ನ್ಯಾಶ್‌ವಿಲ್ ಕ್ರೂಸರ್ ಗುಂಡು ಹಾರಿಸಿ ಮುಳುಗಿಸ್ತು. ಸಣ್ಣ ಬೋಟು, ತೆರೆಯ ಹಿಂದೆ ಹೋಗ್ತಾ ಬರ್ತಾ ಇದ್ದದ್ದಕ್ಕೆ ಗುರಿ ಸಿಗದೆ ನೂರಾರು ಗುಂಡು ಬೇಕಾಯ್ತು.

ರಾತ್ರಿಪಾಳಿ

ಅಮೆರಿಕದ ಲೇಖಕ ಹೆಮಿಂಗ್ವೇ ಕೂಡ ತನ್ನ ಮೀನಿನ ಬೋಟ್ ಪಿಲಾರ್ ತಗೊಂಡು ಕ್ಯೂಬಾ ಸುತ್ತ ಸಬ್‌ಮರೀನ್ ಹುಡುಕ್ತಿದ್ದ.

ಸ್ಕೂಲ್ ಮೇಷ್ಟ್ರು

ಅವನ ಹೆಸರು ಎಲ್ಲರಿಗೂ ಗೊತ್ತು, ಕ್ರೇಗ್ ಹೆಸರು ಈ ಚರ್ಚೆಯಲ್ಲಾದರೂ ಇರಲಿ.

ಕಾರವಾರ ನಿವೃತ್ತ

ನಮ್ಮ ಕಡೆಯದ್ದೂ ಒಂದು ಸೇರಿಸ್ತೀನಿ. ರಾಯಲ್ ಇಂಡಿಯನ್ ನೇವಿಗೂ ಟ್ರಾಲರ್ ಇತ್ತು. ಮೀನಿನ ಬೋಟನ್ನ ಬದಲಾಯಿಸಿದ್ದಲ್ಲ, ಟ್ರಾಲರ್ ಮಾದರಿಯಲ್ಲೇ ಕಟ್ಟಿದ ಬಾಸೆಟ್ ದರ್ಜೆಯವು. ಇಂಡಿಯಾದಲ್ಲೇ ಕಟ್ಟಿದ್ದು. ತಿರುವಾಂಕೂರು, ಕಲ್ಕತ್ತಾ, ಮಧುರಾ ಹೀಗೆ ಊರು, ಸಂಸ್ಥಾನಗಳ ಹೆಸರು.

ಕುಂದಾಪ್ರದ ಹೆಣ್ಣು

ಈಗಲೂ ಹಾಗೇ ಅಲ್ದಾ. 2008ರಲ್ಲಿ ಮುಂಬೈ ದಾಳಿಯವ್ರು ಬಂದದ್ದು ಪೋರಬಂದರಿನ ಕುಬೇರ್ ಬೋಟ್ ಹಿಡಿದು. ಆಮೇಲೆ ನಮ್ಮವ್ರಿಗೂ ಗುರುತಿನ ಕಾರ್ಡ್, ಬೋಟಿಗೆ ಬಣ್ಣ, ಎಂತ ಕಂಡ್ರೂ ಹೇಳಿ ಅಂತ ಮೀಟಿಂಗ್ ಎಲ್ಲ ಆಯ್ತು. ನೀವೇ ಸಮುದ್ರದ ಕಣ್ಣು ಕಿವಿ ಅಂದ್ರು. ಅಪ್ಪಯ್ಯ ಮೀಟಿಂಗಿಂದ ಬಂದು ಹೇಳಿದ್ರು, "ಕಣ್ಣು ನಮ್ಮದು ಸರಿ, ಆದ್ರೆ ನಾವು ಕೂಗಿದ್ರೆ ಕೇಳುವ ಕಿವಿಯೂ ಬೇಕು" ಅಂತ. ವೈರ್‌ಲೆಸ್ ಸಿಗದ ಜಾಗ ಎಷ್ಟ್ ಇತ್ ಅಂತ ಬೋಟಿಗೆ ಹೋಪವ್ರಿಗೇ ಗೊತ್ತು.

ಮಲ್ಪೆ ಮೂಲದವ

ಅಕ್ಕ ನೀವು ಇದನ್ನ ಹೇಳಿದ್ದಕ್ಕೆ ನಾನೂ ಮನಸ್ಸಲ್ಲಿ ಇದ್ದದ್ದು ಹೇಳಿಬಿಡ್ತೇನೆ. ಆ ಬೇಲಿ ಹತ್ರ ನಿಂತಾಗ ನನಗೆ ನೆನಪಾದದ್ದು ಸುವರ್ಣ ತ್ರಿಭುಜ. 2018ರ ಡಿಸೆಂಬರ್ 13ಕ್ಕೆ ಮಲ್ಪೆಯಿಂದ ಹೊರಟ ಬೋಟ್, ಏಳು ಜನ, ಉಡುಪಿಯವರು ಇಬ್ಬರು, ಉತ್ತರ ಕನ್ನಡದವರು ಐದು. ಎರಡು ದಿನದಲ್ಲಿ ಸಂಪರ್ಕ ತಪ್ಪಿತು. ಮೇ ತಿಂಗಳಲ್ಲಿ ನೌಕಾಪಡೆಯ ನಿರೀಕ್ಷಕ್ ಹಡಗು ಮಹಾರಾಷ್ಟ್ರದ ಮಾಲ್ವಣ್ ಹೊರಗೆ ಸಮುದ್ರದ ಅಡಿಯಲ್ಲಿ ಬೋಟಿನ ಅವಶೇಷ ಹುಡುಕಿತು. ಆ ನಾಲ್ಕೂವರೆ ತಿಂಗಳು ಊರಲ್ಲಿ ಹೇಗಿತ್ತು ಅಂತ ಬರೆಯಲಿಕ್ಕೆ ಆಗುದಿಲ್ಲ. ನಾನು ಇಲ್ಲಿ ರಾಲಿಯಲ್ಲಿ ಕೂತು ದಿನಾ ಬೆಳಿಗ್ಗೆ ಎದ್ದ ಕೂಡಲೇ ಫೋನ್ ನೋಡ್ತಿದ್ದೆ. ಅಮ್ಮ ಹೇಳ್ತಿದ್ರು, ಬಂದರಿನಲ್ಲಿ ಯಾರೂ ಜೋರು ಮಾತಾಡುದಿಲ್ಲ ಅಂತ.

ಬೆಡ್‌ಫರ್ಡ್‌ಶೈರ್‌ನಲ್ಲಿ ಗುರುತು ಸಿಕ್ಕಿದವರ ಮನೆಯವರಿಗೆ ಬಂದು ನಿಲ್ಲಲಿಕ್ಕೆ ಒಂದು ಜಾಗ ಇದೆ. ಉಳಿದವರಿಗೆ ಎಲ್ಲಿದೆ?

ಲಿಂಕನ್‌ಶೈರ್ ಕನ್ನಡತಿ

ಇದಕ್ಕೆ ನಾನು ಉತ್ತರ ಕೊಡಬಲ್ಲೆ. ಗ್ರಿಮ್ಸ್‌ಬಿಯಿಂದ ಒಂದು ಗಂಟೆ ದೂರದಲ್ಲಿ ನರ್ಸ್ ಕೆಲಸ ಮಾಡ್ತೀನಿ, ಊರು ಹಾಸನ. ಈ ಮೀನುಗಾರರ ನೌಕಾದಳದ ಕೇಂದ್ರ ಇದ್ದಿದ್ದು ಲೋಸ್ಟಾಫ್ಟ್ ಅನ್ನೋ ಊರಲ್ಲಿ, ಸ್ಪ್ಯಾರೋಸ್ ನೆಸ್ಟ್ ಅಂತ ಸಮುದ್ರದ ಪಕ್ಕದ ಉದ್ಯಾನ. ಗುಬ್ಬಿ ಗೂಡು ಅಂತ ಅರ್ಥ. ಅದರ ಹತ್ರಾನೇ ಬೆಲ್ ವ್ಯೂ ಪಾರ್ಕಲ್ಲಿ ಎತ್ತರದ ಕಂಬ ಇದೆ, ಕೆಳಗೆ ಸುತ್ತಲೂ ಕಂಚಿನ ಫಲಕ, ಸಮುದ್ರ ಬಿಟ್ಟು ಬೇರೆ ಸಮಾಧಿ ಇಲ್ಲದವರ 2,385 ಹೆಸರು. ಹೋದ ವರ್ಷ ಹೋಗಿದ್ದೆ. ಯಾರೋ ಒಬ್ಬ ಅಜ್ಜ ಬಂದು ಒಂದು ಹೆಸರಿನ ಮೇಲೆ ಬೆರಳು ಇಟ್ಟು ಅಕ್ಷರದ ಹಳ್ಳದಲ್ಲಿ ಎಳೀತಾ ಇದ್ರು, ಮಕ್ಕಳು ಸ್ಲೇಟ್ ಮೇಲೆ ತಿದ್ದೋ ಹಾಗೆ. ನಾನು ಮಾತಾಡಿಸಲಿಲ್ಲ.

ನಮ್ಮ ವಾರ್ಡಿಗೆ ಹಳೇ ಟ್ರಾಲರ್‌ನವರು ಬರ್ತಾರೆ. ಕೈ ನೋಡಿದ್ರೆ ಗೊತ್ತಾಗುತ್ತೆ, ಬೆರಳು ಪೂರ್ತಿ ಬಿಚ್ಚಲ್ಲ, ರೋಪ್ ಹಿಡಿದ ಹಾಗೇ ಇರುತ್ತೆ.

ಮಲ್ಪೆ ಮೂಲದವ

ಅಪ್ಪನ ಕೈಯೂ ಹಾಗೇ.

ರಾತ್ರಿಪಾಳಿ

ಬೆಡ್‌ಫರ್ಡ್‌ಶೈರ್‌ನಲ್ಲಿ ಒಬ್ಬನೂ ಉಳೀಲಿಲ್ಲ ಅಂದ್ರಲ್ಲ, ಒಬ್ಬ ಉಳಿದ ಅಂತ ಎಲ್ಲೋ ಓದಿದ್ದೆ.

ಹಳೇ ಪುಟ

ಹಡಗಲ್ಲಿ ಇದ್ದವರಲ್ಲಿ ಯಾರೂ ಉಳೀಲಿಲ್ಲ. ಹೊರಡೋ ಹಿಂದಿನ ರಾತ್ರಿ ಮೋರ್‌ಹೆಡ್ ಸಿಟಿಯಲ್ಲಿ ಒಬ್ಬ ಸ್ಟೋಕರ್ ಏನೋ ಗಲಾಟೆಯಲ್ಲಿ ಪೊಲೀಸರ ಕೈಗೆ ಸಿಕ್ಕಿ ಲಾಕಪ್ಪಲ್ಲಿದ್ದ, ಅವನನ್ನ ಬಿಟ್ಟು ಹಡಗು ಹೊರಟಿತು. ಹಾಗೆ ಬದುಕಿದ. ಬೋಟ್ ಈಗ ಸುಮಾರು 105 ಅಡಿ ಆಳದಲ್ಲಿದೆ, 1980ರಲ್ಲಿ ಮುಳುಗುಗಾರರಿಗೆ ಸಿಕ್ತು. ಯುದ್ಧ ಸಮಾಧಿ ಅಂತ ಅದನ್ನ ಮುಟ್ಟೋ ಹಾಗಿಲ್ಲ.

ಸ್ಕೂಲ್ ಮೇಷ್ಟ್ರು

ಆ ಸಮಾಧಿಗಳನ್ನ ಯಾರು ನೋಡಿಕೊಳ್ತಾರೆ? ಶುಚಿಯಾಗಿತ್ತಾ?

ಮಲ್ಪೆ ಮೂಲದವ

ತುಂಬಾ ಶುಚಿ ಮೇಷ್ಟ್ರೇ. ಅಲ್ಲಿನ ಕೋಸ್ಟ್ ಗಾರ್ಡ್ ನೋಡಿಕೊಳ್ತದೆ, ಊರವರೂ ಬರ್ತಾರೆ. ಪ್ರತಿ ಮೇ ತಿಂಗಳು ಒಂದು ಸ್ಮರಣೆ ಕಾರ್ಯಕ್ರಮ ಉಂಟು, ಬ್ರಿಟನ್ನಿನವರೂ ಬರ್ತಾರೆ. ಬರುವ ಮೇಗೆ ನಾನೂ ರಜೆ ಹಾಕಿದ್ದೇನೆ.

ನಿನ್ನೆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಇಲ್ಲಿ ಬಂದದ್ದು ಎಲ್ಲ ಓದಿ ಹೇಳಿದೆ. ಬಾವುಟದ ಕಥೆಯನ್ನ ಎರಡು ಸಲ ಓದಿಸಿದ್ರು. ಆಮೇಲೆ ತುಂಬ ಹೊತ್ತು ಎಂತದೂ ಹೇಳ್ಲಿಲ್ಲ, ಲೈನ್ ಕಟ್ ಆಯ್ತಾ ಅಂತ ನೋಡಿದೆ. ಕಡೆಗೆ ಕೇಳಿದ್ರು, "ವಿಂಚ್ ಎಲ್ಲಿತ್ತಂತೆ ಮಗ, ಮುಂದೆಯಾ ಹಿಂದೆಯಾ?" ನನಗೆ ಗೊತ್ತಿರ್ಲಿಲ್ಲ.

ದಕ್ಕೆ ಮೆಕ್ಯಾನಿಕ್

ನಮ್ಮಲ್ಲಿ ಕ್ಯಾಬಿನ್ ಹಿಂದೆ ಇರ್ತದೆ. ಅವರದ್ದು ಗೊತ್ತಿದ್ದವರು ಹೇಳಿ.

ಲಿಂಕನ್‌ಶೈರ್ ಕನ್ನಡತಿ

ಗ್ರಿಮ್ಸ್‌ಬಿಯ ಮ್ಯೂಸಿಯಮ್ಮಲ್ಲಿ ಹಳೇ ಟ್ರಾಲರ್ ಹತ್ತಿ ನೋಡಿದ್ದೀನಿ. ಆ ಕಾಲದ ಬೋಟಲ್ಲಿ ಬಲೆ ಎಳೀತಿದ್ದು ಹಿಂದಿನಿಂದ ಅಲ್ಲ, ಪಕ್ಕದಿಂದ. ವಿಂಚ್ ಇರೋದು ಮುಂದೆ, ವೀಲ್‌ಹೌಸ್ ಕಿಟಕಿ ಎದುರಿಗೇ. ನಿಮ್ಮಪ್ಪನಿಗೆ ಹೇಳಿ, ತಾಂಡೇಲ ನಿಂತಲ್ಲಿಂದಲೇ ವಿಂಚ್ ಹತ್ರ ಇರೋ ಎಲ್ಲರ ಮುಖ ಕಾಣುತ್ತೆ.

ಮಲ್ಪೆ ಮೂಲದವ

ಈಗಲೇ ಫೋನ್ ಮಾಡ್ತೇನೆ, ಅಲ್ಲಿ ಬೆಳಗಾಗಿರ್ತದೆ.